ಹಗುರ ಅನಿಲ ದೈತ್ಯಗಳ ಸಾಂದ್ರತೆ: ಎರಡು ಅಳತೆಗಳ ಭಾಗಾಕಾರ

ಕನ್ನಡ ಮಾಧ್ಯಮದಲ್ಲಿ ಶಾಲೆ ಮುಗಿಸಿ ಈಗ ಮುಂಬಯಿಯ ಕಾಲೇಜುಗಳಲ್ಲಿ ಭೌತಶಾಸ್ತ್ರ ಓದುತ್ತಿರುವ ಸಹಪಾಠಿಗಳಿಗಾಗಿ ಈ ಟಿಪ್ಪಣಿ. ಗುರುಗ್ರಹದ ಸರಾಸರಿ ಸಾಂದ್ರತೆ ಘನ ಸೆಂಟಿಮೀಟರಿಗೆ 1.33 ಗ್ರಾಂ, ಶನಿಯದು 0.69. ಬೇರೆ ನಕ್ಷತ್ರಗಳನ್ನು ಸುತ್ತುವ ಅನಿಲ ದೈತ್ಯಗಳಲ್ಲಿ ಕೆಲವು 0.1ಕ್ಕೂ ಕೆಳಗಿವೆ. ಆದರೆ ಸಾಂದ್ರತೆಯನ್ನು ಯಾರೂ ನೇರವಾಗಿ ಅಳೆಯುವುದಿಲ್ಲ. ತ್ರಿಜ್ಯವನ್ನು ಒಂದು ವಿಧಾನದಿಂದ, ದ್ರವ್ಯರಾಶಿಯನ್ನು ಇನ್ನೊಂದರಿಂದ ಪಡೆದು ಭಾಗಿಸಿದಾಗ ಸಿಗುವ ಸಂಖ್ಯೆ ಅದು.

ತ್ರಿಜ್ಯ ಸಿಗುವುದು ಸಂಕ್ರಮಣದಿಂದ. ಗ್ರಹವು ತನ್ನ ನಕ್ಷತ್ರದ ಮುಂದೆ ಹಾದುಹೋಗುವಾಗ ಬೆಳಕು ಎಷ್ಟು ಕುಗ್ಗುತ್ತದೆಯೋ ಅದು ಎರಡರ ತ್ರಿಜ್ಯಗಳ ಅನುಪಾತದ ವರ್ಗಕ್ಕೆ ಸಮ. ಗುರುವಿನಂಥ ಗ್ರಹ ಸೂರ್ಯನಂಥ ನಕ್ಷತ್ರದ ಮುಂದೆ ಬಂದರೆ ಸುಮಾರು ಶೇ. 1ರಷ್ಟು ಕುಗ್ಗುತ್ತದೆ. ಇಲ್ಲಿ ಸಿಗುವುದು ಅನುಪಾತ ಮಾತ್ರ. ನಕ್ಷತ್ರದ ತ್ರಿಜ್ಯ ತಪ್ಪಾದರೆ ಗ್ರಹದ್ದೂ ತಪ್ಪುತ್ತದೆ, ಮತ್ತು ಘನಗಾತ್ರದಲ್ಲಿ ತ್ರಿಜ್ಯದ ಘನ ಬರುವುದರಿಂದ ತ್ರಿಜ್ಯದ ಶೇ. 5ರ ದೋಷ ಸಾಂದ್ರತೆಯಲ್ಲಿ ಸುಮಾರು ಶೇ. 15 ಆಗುತ್ತದೆ.

ದ್ರವ್ಯರಾಶಿಗೆ ಸಾಮಾನ್ಯವಾಗಿ ನಕ್ಷತ್ರದ ರೋಹಿತದಲ್ಲಿ, ಅಂದರೆ ಬಣ್ಣಗಳಾಗಿ ಬಿಡಿಸಿದ ಅದರ ಬೆಳಕಿನಲ್ಲಿ, ಕಾಣುವ ಡಾಪ್ಲರ್ ಪಲ್ಲಟವೇ ಆಧಾರ: ಗ್ರಹದ ಸೆಳೆತಕ್ಕೆ ನಕ್ಷತ್ರ ಓಲಾಡಿದಾಗ ರೋಹಿತದ ಗೆರೆಗಳು ಅತ್ತಿತ್ತ ಸರಿಯುತ್ತವೆ. ಕಕ್ಷೆಯ ಓರೆ ಗೊತ್ತಿಲ್ಲದಿದ್ದರೆ ಇದರಿಂದ ಕನಿಷ್ಠ ದ್ರವ್ಯರಾಶಿ ಮಾತ್ರ ತಿಳಿಯುತ್ತದೆ. ನಮ್ಮೂರಿನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದ್ದ ಭೌತವಿಜ್ಞಾನಿ ಬಿಭಾ ಚೌಧುರಿಯವರ ನೆನಪಿಗೆ 2019ರಲ್ಲಿ ಎಚ್‌ಡಿ 86081 ಎಂಬ ನಕ್ಷತ್ರಕ್ಕೆ ‘ಬಿಭಾ’ ಎಂದು ಹೆಸರಿಟ್ಟರು. ಅದರ ಗ್ರಹ ‘ಸಂತಮಸ’. ಎರಡು ದಿನಗಳಿಗೆ ಸ್ವಲ್ಪ ಹೆಚ್ಚಿನ ಅವಧಿಯಲ್ಲಿ ಒಂದು ಸುತ್ತು ಮುಗಿಸುವ ಈ ಬಿಸಿ ದೈತ್ಯ ನಮ್ಮ ದೃಷ್ಟಿರೇಖೆಯಲ್ಲಿ ಸಂಕ್ರಮಿಸಿದ್ದು ಕಂಡಿಲ್ಲವಾದ್ದರಿಂದ ಅದರ ತ್ರಿಜ್ಯವೂ ಇಲ್ಲ, ಸಾಂದ್ರತೆಯೂ ಇಲ್ಲ.

ಎರಡೂ ಅಳತೆ ಇರುವ ಒಂದು ಗ್ರಹವನ್ನು ತೆಗೆದುಕೊಂಡು ಲೆಕ್ಕ ಮಾಡೋಣ. 2024ರಲ್ಲಿ ವಿವರ ಪ್ರಕಟವಾದ ವಾಸ್ಪ್-193ಬಿ ಗ್ರಹದ ದ್ರವ್ಯರಾಶಿ ಗುರುವಿನ 0.139 ಪಟ್ಟು, ತ್ರಿಜ್ಯ 1.464 ಪಟ್ಟು. ತ್ರಿಜ್ಯದ ಘನ ಸುಮಾರು 3.14, 0.139ನ್ನು ಅದರಿಂದ ಭಾಗಿಸಿ 1.33ರಿಂದ ಗುಣಿಸಿದರೆ 0.059 ಬರುತ್ತದೆ. ಇದನ್ನು ಬೊಂಬಾಯಿ ಮಿಠಾಯಿಗೆ ಹೋಲಿಸುವುದು ರೂಢಿಯಾಗಿದೆ, ಆದರೆ ಆ ಹೋಲಿಕೆಯನ್ನು ಪರೀಕ್ಷೆಯ ಉತ್ತರದಲ್ಲಿ ಬರೆಯದಿರುವುದೇ ಲೇಸು: 0.059 ಎಂಬುದು ಸರಾಸರಿ. ಗ್ರಹದ ಒಳಭಾಗ ತನ್ನದೇ ಭಾರದಿಂದ ಒತ್ತಿಕೊಂಡು ಬಹಳ ದಟ್ಟವಾಗಿರುತ್ತದೆ, ಹೊರಪದರಗಳು ಮಾತ್ರ ಅಸಾಧಾರಣವಾಗಿ ಉಬ್ಬಿರುತ್ತವೆ.

ಕೆಪ್ಲರ್-51ರ ಕಥೆ ಬೇರೆ. ಅದರ ಮೂರು ಗ್ರಹಗಳ ಸುತ್ತಿನ ಅವಧಿಗಳು ಸುಮಾರು 45, 85 ಮತ್ತು 130 ದಿನ. ಅವು ಪರಸ್ಪರ ಸೆಳೆಯುವುದರಿಂದ ಸಂಕ್ರಮಣದ ಹೊತ್ತು ಹಿಂದುಮುಂದಾಗುತ್ತದೆ. ಈ ಏರುಪೇರಿನಿಂದಲೇ 2014ರಲ್ಲಿ ದ್ರವ್ಯರಾಶಿಗಳನ್ನು ಲೆಕ್ಕ ಹಾಕಿ, ಮೂರರ ಸಾಂದ್ರತೆಯೂ 0.1ಕ್ಕಿಂತ ಕಡಿಮೆ ಎಂದು ಕಂಡುಕೊಂಡರು. 2023ರಲ್ಲಿ ಜೇಮ್ಸ್ ವೆಬ್ ದೂರದರ್ಶಕ ನೋಡುತ್ತಿದ್ದಾಗ ಕೆಪ್ಲರ್-51ಡಿ ನಿರೀಕ್ಷೆಗಿಂತ ಸುಮಾರು ಎರಡು ಗಂಟೆ ಮುಂಚಿತವಾಗಿ ಸಂಕ್ರಮಿಸಿತು, ಮತ್ತು ಅದನ್ನು ವಿವರಿಸಲು ನಾಲ್ಕನೆಯ ಗ್ರಹವೊಂದನ್ನು ಲೆಕ್ಕಕ್ಕೆ ಸೇರಿಸಬೇಕಾಯಿತು. ಹಾಗಾಗಿ ಮೊದಲಿನ ದ್ರವ್ಯರಾಶಿಗಳನ್ನೂ ಮತ್ತೆ ಲೆಕ್ಕಿಸಬೇಕಾಯಿತು. ಹಗುರತನ ಮಾತ್ರ ಉಳಿಯಿತು.

ಉಬ್ಬುವುದೇಕೆ? ನಕ್ಷತ್ರಕ್ಕೆ ತೀರ ಹತ್ತಿರವಿದ್ದು ಸುಮಾರು 1,000 ಕೆಲ್ವಿನ್‌ಗಿಂತ ಹೆಚ್ಚು ಕಾದ ದೈತ್ಯಗಳಲ್ಲಿ ಉಬ್ಬು ಸಾಮಾನ್ಯ, ಆದರೆ ಮೇಲ್ಪದರಕ್ಕೆ ಬಿದ್ದ ಶಾಖ ಒಳಗೆ ಇಳಿಯುವ ಬಗೆ ಇನ್ನೂ ಚರ್ಚೆಯಲ್ಲಿದೆ. ಅಯಾನೀಕೃತ ಗಾಳಿ ಕಾಂತಕ್ಷೇತ್ರದಲ್ಲಿ ಬೀಸಿದಾಗ ಹುಟ್ಟುವ ವಿದ್ಯುತ್ಪ್ರವಾಹ ಒಳಭಾಗವನ್ನು ಕಾಯಿಸುತ್ತದೆ ಎಂಬುದು ಒಂದು ವಾದ. ವಾಸ್ಪ್-107ಬಿ ಅಷ್ಟು ಬಿಸಿಯಲ್ಲ, ಆದರೂ ಉಬ್ಬಿದೆ. 2024ರ ವೆಬ್ ರೋಹಿತಗಳಲ್ಲಿ ಮೀಥೇನ್ ನಿರೀಕ್ಷೆಗಿಂತ ಬಹಳ ಕಡಿಮೆ ಕಂಡಿತು. ಹೆಚ್ಚಿನ ತಾಪದಲ್ಲಿ ಮೀಥೇನ್ ಉಳಿಯದ ಕಾರಣ, ಆಳದ ಬಿಸಿ ಅನಿಲ ಮೇಲೆದ್ದು ಬರುತ್ತಿದ್ದರೆ ಹೀಗಾಗಬಲ್ಲದು. ಕೊಂಚ ದೀರ್ಘವೃತ್ತವಾದ ಕಕ್ಷೆಯಲ್ಲಿ ನಕ್ಷತ್ರದ ಉಬ್ಬರವಿಳಿತದ ಸೆಳೆತ ಗ್ರಹವನ್ನು ಹಿಗ್ಗಿಸಿ ಕುಗ್ಗಿಸಿ ಒಳಗಿನಿಂದ ಕಾಯಿಸುತ್ತಿದೆ ಎಂಬ ವಿವರಣೆ ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ, ಏಕೆಂದರೆ ಅದು ತ್ರಿಜ್ಯ ಮತ್ತು ರಾಸಾಯನಿಕ ಸಂಯೋಜನೆ ಎರಡಕ್ಕೂ ಒಂದೇ ಕಾರಣ ಕೊಡುತ್ತದೆ.

ಹಗುರ ಗ್ರಹಗಳ ವಾತಾವರಣವನ್ನು ಓದುವುದು ಸುಲಭ ಎನ್ನುವುದಕ್ಕೂ ಲೆಕ್ಕವಿದೆ. ವಾಸ್ಪ್-193ಬಿಯ ಗುರುತ್ವ ಸೆಕೆಂಡಿನ ವರ್ಗಕ್ಕೆ ಸುಮಾರು 1.6 ಮೀಟರ್, ಅಂದರೆ ಚಂದ್ರನಷ್ಟು. ತಾಪ 1,250 ಕೆಲ್ವಿನ್ ಎಂದಿಟ್ಟುಕೊಂಡು ಹೈಡ್ರೋಜನ್-ಹೀಲಿಯಂ ಮಿಶ್ರಣಕ್ಕೆ ಲೆಕ್ಕ ಹಾಕಿದರೆ, ಒತ್ತಡ ಸುಮಾರು 2.7 ಪಟ್ಟು ಇಳಿಯಲು 2,800 ಕಿ.ಮೀ. ಮೇಲೇರಬೇಕಾಗುತ್ತದೆ, ಭೂಮಿಯಲ್ಲಿ 8 ಕಿ.ಮೀ. ಸಾಕು. ಇಂಥ ದಪ್ಪ ಅಂಚಿನ ಮೂಲಕ ಹಾದುಬಂದ ನಕ್ಷತ್ರದ ಬೆಳಕಿನಲ್ಲಿ ಅನಿಲಗಳ ಗುರುತು ಎದ್ದು ಕಾಣಬೇಕು. ಆದರೆ ಹಬಲ್ ದೂರದರ್ಶಕವು ಕೆಪ್ಲರ್-51ರ ಎರಡು ಗ್ರಹಗಳನ್ನು ನೋಡಿದಾಗ ಸಿಕ್ಕಿದ್ದು ಏರಿಳಿತವಿಲ್ಲದ ಚಪ್ಪಟೆ ರೋಹಿತ. ಬಹಳ ಎತ್ತರದಲ್ಲಿ ತೇಲುವ ಮಬ್ಬು ಬೆಳಕನ್ನು ತಡೆದಿರಬಹುದು. ಹಾಗಿದ್ದರೆ ಸಂಕ್ರಮಣದಲ್ಲಿ ನಾವು ಅಳೆದ ತ್ರಿಜ್ಯ ಆ ಮಬ್ಬಿನ ಎತ್ತರದ್ದಾಗಿರುತ್ತದೆ, ಮತ್ತು ಅದರ ಕೆಳಗಿನ ಗ್ರಹ ನಮ್ಮ ಭಾಗಾಕಾರ ಹೇಳುವುದಕ್ಕಿಂತ ಚಿಕ್ಕದೂ ದಟ್ಟವೂ ಆಗಿರುತ್ತದೆ.