ಲಕ್ಕುಂಡಿಗೆ ಅರ್ಧ ಗಂಟೆ: ಗದಗ ಸೀಮೆಯನ್ನು ಹರಿದು ಹಂಚಿದ ಗೆರೆಗಳ ಕಥೆ

ಹೊಸಪೇಟೆಯಿಂದ ಹುಬ್ಬಳ್ಳಿ ಕಡೆಗೆ ಹೆದ್ದಾರಿ ಹಿಡಿದು ಹೊರಟವರಿಗೆ ಗದಗ ಇನ್ನು 12 ಕಿ.ಮೀ. ಇರುವಾಗ ಲಕ್ಕುಂಡಿ ಸಿಗುತ್ತದೆ. ಕೆಲವರು ಗಾಡಿ ತಿರುಗಿಸುತ್ತಾರೆ. ಒಂದು ಗುಡಿ, ಒಂದು ಬಾವಿ, ನಾಲ್ಕು ಫೋಟೋ, ಅರ್ಧ ಗಂಟೆ, ಮುಗೀತು. ಹಂಪಿಗೆ ಮೂರು ದಿನ, ಬಾದಾಮಿಗೆ ಎರಡು ದಿನ ತೆಗೆದಿಟ್ಟವರೂ ಇವೆರಡರ ನಡುವಿನ ಈ ಸೀಮೆಗೆ ಕೊಡೋದು ಇಷ್ಟೇ.

ಯಾಕೆ ಹೀಗೆ ಅಂತ ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ. ಪ್ರಚಾರ ಇಲ್ಲ, ಒಳ್ಳೆ ಲಾಡ್ಜ್ ಇಲ್ಲ, ಜನರಿಗೆ ಕಾಳಜಿ ಇಲ್ಲ. ಮೊದಲ ಎರಡು ಮಾತಿನಲ್ಲಿ ಸ್ವಲ್ಪ ನಿಜ ಇದೆ. ಮೂರನೆಯದು ಊರ ಜನರಿಗೆ ಮಾಡುವ ಅನ್ಯಾಯ. ನನಗೆ ಅನ್ನಿಸೋದು, ಈ ಸೀಮೆಯ ಮೇಲೆ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆಯವರು ಗೆರೆ ಎಳೆದರು, ಒಂದಾಗಿದ್ದ ನಾಡು ತುಂಡು ತುಂಡಾಯಿತು, ನಾವು ಇವತ್ತಿಗೂ ಆ ತುಂಡುಗಳ ಪ್ರಕಾರವೇ ಪ್ರವಾಸ ಮಾಡುತ್ತಿದ್ದೇವೆ.

ಸಾವಿರ ವರ್ಷದ ಹಿಂದೆ ಈ ಭಾಗಕ್ಕೆ ಬೆಳ್ವೊಲ 300 ಅಂತ ಹೆಸರು, ಆ ಸಂಖ್ಯೆ ನಾಡಿನ ಹಳ್ಳಿಗಳ ಲೆಕ್ಕ ಅನ್ನುತ್ತಾರೆ. ಅದಕ್ಕೆ ಅಣ್ಣಿಗೇರಿ ಮುಖ್ಯ ಪಟ್ಟಣ. ಗದಗ, ಲಕ್ಕುಂಡಿ, ಕುಕನೂರು, ಇಟಗಿ ಎಲ್ಲ ಅದರೊಳಗೇ. ತೆಂಕಣಕ್ಕೆ ಪುಲಿಗೆರೆ 300, ಅಂದರೆ ಇವತ್ತಿನ ಲಕ್ಷ್ಮೇಶ್ವರದ ಸುತ್ತಮುತ್ತ. ಬಡಗಣಕ್ಕೆ ಕಿಸುಕಾಡು 70, ಅದನ್ನು ಆಳಿದ, ಕಲ್ಯಾಣ ಚಾಲುಕ್ಯರ ಮನೆತನದ ಅಕ್ಕಾದೇವಿಯ ಹೆಸರು ಸೂಡಿಯ ಶಾಸನಗಳಲ್ಲಿದೆ. ಎರೆ ಭೂಮಿ, ಒಳ್ಳೆ ಬೆಳೆ, ದೊಡ್ಡ ವ್ಯಾಪಾರ. ಲಕ್ಕುಂಡಿಯಲ್ಲೂ ಸೂಡಿಯಲ್ಲೂ ಟಂಕಸಾಲೆಗಳಿದ್ದವು. ನಾಣ್ಯ ಹೊಡೆಯುವ ಊರು ಅಂದರೆ ಸುಮ್ನೆ ಅಲ್ಲ. ಅಲ್ಲಿ ದುಡ್ಡಿತ್ತು, ಅಕ್ಕಸಾಲಿಗರಿದ್ದರು, ಸೆಟ್ಟರಿದ್ದರು, ಅವರ ಹಿಂದೆ ಶಿಲ್ಪಿಗಳು ಬಂದರು.

ಲಕ್ಕುಂಡಿಯ ದೊಡ್ಡ ಬಸದಿಯನ್ನು 1007ರಲ್ಲಿ ಕಟ್ಟಿಸಿದವಳು ಅತ್ತಿಮಬ್ಬೆ. ದಂಡನಾಯಕ ನಾಗದೇವನ ಹೆಂಡತಿ, ರನ್ನನಿಗೆ ಆಶ್ರಯ ಕೊಟ್ಟವಳು, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಿದವಳು. ಅಚ್ಚಿನ ಯಂತ್ರ ಕನಸಲ್ಲೂ ಇಲ್ಲದ ಕಾಲದಲ್ಲಿ ಸಾವಿರ ಪ್ರತಿ! ತಾಳೆಗರಿ ಸೇರಿಸಬೇಕು, ಬರೆಯೋರನ್ನು ಕೂರಿಸಬೇಕು, ಅವರಿಗೆಲ್ಲ ಊಟ ಹಾಕಬೇಕು. ಇಂಥ ಕೆಲಸ ಆಗುತ್ತಿದ್ದ ನಾಡು ಇದು.

ಕಲ್ಲಿನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಬಾದಾಮಿ, ಪಟ್ಟದಕಲ್ಲಿನದು ಕೆಂಪು ಮರಳುಗಲ್ಲು. ಲಕ್ಕುಂಡಿಗೆ ಬರುವ ಹೊತ್ತಿಗೆ ಕೈಗೆ ಸಿಕ್ಕಿದ್ದು ಹಸಿರು ಮಿಶ್ರಿತ ಬೂದು ಬಣ್ಣದ, ಮೆತ್ತಗಿನ ಬಳಪದ ಜಾತಿಯ ಕಲ್ಲು. ಅಲ್ಲಿಂದ ಶಿಲ್ಪಿಯ ಉಳಿ ಬೇರೆಯೇ ಭಾಷೆ ಮಾತಾಡತೊಡಗಿತು. ಕಾಶಿ ವಿಶ್ವನಾಥ ಗುಡಿಯ ಬಾಗಿಲುವಾಡದ ಹತ್ತಿರ ನಿಂತು ನೋಡಿ. ಪಟ್ಟಿಯ ಪಕ್ಕ ಪಟ್ಟಿ, ಬಳ್ಳಿಯೊಳಗೆ ಬಳ್ಳಿ, ಅದರೊಳಗೆ ಬೆರಳಿನಷ್ಟು ಎತ್ತರದ ಮನುಷ್ಯರು. ಎದುರುಬದುರಾಗಿ ಎರಡು ಗುಡಿ, ಒಂದು ಶಿವನದು, ಇನ್ನೊಂದು ಸೂರ್ಯನದು. ಇದೇ ಕೆಲಸ ಮುಂದೆ ಹೊಯ್ಸಳರ ಕಾಲದಲ್ಲಿ ಬೇಲೂರು, ಹಳೇಬೀಡಿನಲ್ಲಿ ಇನ್ನೂ ದಟ್ಟವಾಯಿತು. ಅಲ್ಲಿ ಸಾಲುಗಟ್ಟಿ ನಿಂತು ಬೆರಗಾಗುವ ನಾವು ಅದರ ಹಿಂದಿನ ಅಧ್ಯಾಯವನ್ನು ಅರ್ಧ ಗಂಟೆಯಲ್ಲಿ ಮುಗಿಸುತ್ತೇವೆ ನೋಡಿ, ಅದೇ ನನ್ನ ತಕರಾರು.

ಬಾವಿಗಳದ್ದು ಇನ್ನೊಂದು ಲೋಕ. ಊರಲ್ಲಿ ನೂರೊಂದು ಗುಡಿ, ನೂರೊಂದು ಬಾವಿ ಅಂತ ಹೇಳುತ್ತಾರೆ. ಲೆಕ್ಕ ಸರಿಯೋ ತಪ್ಪೋ ಬಿಡಿ, ಬಾವಿಗಳು ಜಾಸ್ತಿ ಇರುವುದು ಮಾತ್ರ ನಿಜ. ಮಾಣಿಕೇಶ್ವರ ಗುಡಿಯ ಮುಂದಿನ ಮುಸುಕಿನ ಬಾವಿಯನ್ನು ತಪ್ಪಿಸಬೇಡಿ. ಗುಡಿಯ ಮಂಟಪ ಬಾವಿಯ ಮೇಲೇ ಬಂದು ನಿಂತಂತಿದೆ, ಉಳಿದ ಮೂರು ಕಡೆಯಿಂದ ಮೆಟ್ಟಿಲು. ಇಳಿಯುತ್ತಾ ಹೋದರೆ ಗೋಡೆಯಲ್ಲಿ ಪುಟ್ಟ ಪುಟ್ಟ ಗುಡಿಯಂಥ ಗೂಡುಗಳು, ಒಂದೊಂದಕ್ಕೂ ತನ್ನದೇ ಶಿಖರ. ಈಗ ಹೆಚ್ಚಿನ ಗೂಡುಗಳು ಖಾಲಿ. ಇದು ಬರೀ ನೀರಿನ ಬಾವಿ ಆಗಿದ್ದರೆ ಇಷ್ಟು ಖರ್ಚು ಯಾರೂ ಮಾಡುತ್ತಿರಲಿಲ್ಲ. ಮಳೆ ಕಮ್ಮಿ ಇರುವ ನಾಡಿನಲ್ಲಿ ನೀರಿಗೆ ಎಂಥ ಮರ್ಯಾದೆ ಕೊಡುತ್ತಿದ್ದರು ಅನ್ನೋದು ಇಲ್ಲಿ ಕಾಣುತ್ತದೆ.

ಆ ವೈಭವಕ್ಕೆ ಪೆಟ್ಟು ಬಿದ್ದದ್ದು ಒಂದೇ ಸಲಕ್ಕಲ್ಲ. 11ನೇ ಶತಮಾನದಲ್ಲೇ ಚೋಳರು ಬೆಳ್ವೊಲಕ್ಕೆ ನುಗ್ಗಿ ಬಸದಿಗಳನ್ನು ಸುಟ್ಟದ್ದನ್ನು ಗಾವರವಾಡದ ಶಾಸನ ಹೇಳುತ್ತದೆ. 1192ರ ಹೊತ್ತಿಗೆ ಹೊಯ್ಸಳ ವೀರಬಲ್ಲಾಳ ಸೇವುಣರನ್ನು, ಅಂದರೆ ದೇವಗಿರಿಯ ಯಾದವರನ್ನು, ಹಿಂದಕ್ಕಟ್ಟಿ ಲಕ್ಕುಂಡಿಯನ್ನು ತನ್ನ ನೆಲೆಯನ್ನಾಗಿ ಮಾಡಿಕೊಂಡ. ಆಮೇಲೆ ಸೇವುಣರು ಮತ್ತೆ ಬಂದರು, ವಿಜಯನಗರ ಬಂತು, ಬಿಜಾಪುರ ಬಂತು, ಮರಾಠರು ಬಂದರು. ರಾಜಧಾನಿಗಳು ದೂರ ಹೋದವು. ದೊಡ್ಡ ಪಟ್ಟಣ ಹಳ್ಳಿಯಾಯಿತು. ಬಿದ್ದ ಗುಡಿಯ ಕಲ್ಲು ಮನೆಯ ಅಡಿಪಾಯಕ್ಕೆ ಹೋಯಿತು, ಕಟ್ಟೆಗೆ ಹೋಯಿತು, ಒಗೆಯುವ ಕಲ್ಲಾಯಿತು. ಇದನ್ನು ಅಜ್ಞಾನ ಅನ್ನೋದು ಸುಲಭ. ಕಣ್ಣೆದುರು ಚೌಕ ಕೆತ್ತಿದ ಕಲ್ಲು ಬಿದ್ದಿರುವಾಗ ಯಾರು ತಾನೇ ಗಣಿಯಿಂದ ಹೊಸ ಕಲ್ಲು ತರಿಸುತ್ತಾರೆ?

ಈಗ ಗೆರೆಗಳ ವಿಷಯ. 19ನೇ ಶತಮಾನದ ನಕ್ಷೆ ನೋಡಿದರೆ ತಲೆ ತಿರುಗುತ್ತದೆ. ಗದಗ, ಲಕ್ಕುಂಡಿ, ಡಂಬಳ ಬ್ರಿಟಿಷರ ಧಾರವಾಡ ಜಿಲ್ಲೆಗೆ. ಲಕ್ಷ್ಮೇಶ್ವರ ಮಿರಜ್ ಸಂಸ್ಥಾನಕ್ಕೆ. ಶಿರಹಟ್ಟಿ ಸಾಂಗ್ಲಿ ಸಂಸ್ಥಾನಕ್ಕೆ. ನರಗುಂದ ಭಾವೆ ಮನೆತನದ ಕೈಯಲ್ಲಿ, ಅದೂ 1858ರ ಬಂಡಾಯದ ತನಕ. ಆ ಬಂಡಾಯದಲ್ಲಿ ಭಾವೆ ಮನೆತನದ ಬಾಬಾಸಾಹೇಬ ನರಗುಂದದಲ್ಲಿ ಎದ್ದರೆ ಮುಂಡರಗಿಯ ಭೀಮರಾವ್ ಇನ್ನೊಂದು ಕಡೆ ಎದ್ದ. ಲಕ್ಕುಂಡಿಯಿಂದ ಪೂರ್ವಕ್ಕೆ ಸ್ವಲ್ಪ ದೂರ ಹೋದರೆ ಸಾಕು, ಇಟಗಿ ಮತ್ತು ಕುಕನೂರು ಹೈದರಾಬಾದ್ ನಿಜಾಮನ ರಾಜ್ಯಕ್ಕೆ.

ಇಟಗಿಯ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಅಲ್ಲಿನ ಮಹಾದೇವ ಗುಡಿಯನ್ನು 1112ರಲ್ಲಿ ಕಟ್ಟಿಸಿದ್ದು ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ. ಶಾಸನ ಅದನ್ನು ದೇವಾಲಯ ಚಕ್ರವರ್ತಿ ಅಂತಲೇ ಕರೆಯುತ್ತದೆ. ಲಕ್ಕುಂಡಿಯಿಂದ ಹೆಚ್ಚೆಂದರೆ 20-25 ಕಿ.ಮೀ. ದಾರಿ. ಅದೇ ಜಾತಿಯ ಕಲ್ಲು, ಅದೇ ಪರಂಪರೆಯ ಕೈಗಳು. ಆದರೆ ಒಂದು ಮುಂಬೈ ಪ್ರಾಂತ್ಯದಲ್ಲಿ, ಇನ್ನೊಂದು ನಿಜಾಮನ ರಾಜ್ಯದಲ್ಲಿ. ಒಂದರ ಉಸ್ತುವಾರಿ ಬ್ರಿಟಿಷ್ ಸರ್ಕಾರದ ಪುರಾತತ್ವ ಇಲಾಖೆಗೆ, ಇನ್ನೊಂದರದ್ದು 1914ರಲ್ಲಿ ಶುರುವಾದ ಹೈದರಾಬಾದ್ ಇಲಾಖೆಗೆ.

ತಮಾಷೆ ಅಂದರೆ ವಿದ್ವಾಂಸರು ಈ ಗೆರೆಗಳಿಗೆ ಜಾಸ್ತಿ ಬೆಲೆ ಕೊಡಲಿಲ್ಲ. 1850ರ ದಶಕದಲ್ಲಿ ಪಿಗೌ ಮತ್ತು ನೀಲ್ ಎಂಬ ಬ್ರಿಟಿಷರು ಈ ಸೀಮೆಯ ಗುಡಿಗಳ ಫೋಟೋ ತೆಗೆದರು, 1866ರಲ್ಲಿ ಅವು ಲಂಡನ್ನಿನಲ್ಲಿ ಅಚ್ಚಾದವು. ಕ್ಯಾಮೆರಾ ಹೊರಲು ಆಳುಗಳು ಬೇಕಿದ್ದ ಕಾಲ ಅದು. ಬ್ರಿಟಿಷ್ ಅಧಿಕಾರಿ ಫ್ಲೀಟ್ ಸಾಹೇಬರು ಸರ್ಕಾರಿ ನೌಕರಿ ಮಾಡುತ್ತಲೇ ಶಾಸನ ಓದಿ ಪ್ರಕಟಿಸಿದರು. ಪುರಾತತ್ವಜ್ಞ ಹೆನ್ರಿ ಕಸಿನ್ಸ್ ತಮ್ಮ 1926ರ ಪುಸ್ತಕದಲ್ಲಿ ಲಕ್ಕುಂಡಿ, ಇಟಗಿ, ಕುಕನೂರು, ಡಂಬಳ ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದರು. ಪಂಡಿತರು ದಾಟಿದ ಗಡಿಯನ್ನು ಆಡಳಿತ ದಾಟಲಿಲ್ಲ.

ಈ ನಡುವೆ ಗದಗಿಗೆ ಬೇರೆ ಕಸುಬು ಸಿಕ್ಕಿತು, ಹತ್ತಿ. 1880ರ ದಶಕದಲ್ಲಿ ರೈಲು ಬಂತು. ಗದಗ-ಬೆಟಗೇರಿ ಹತ್ತಿ ಪೇಟೆಯಾಗಿ ಬೆಳೆಯಿತು. ಪಕ್ಕದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಸಂಘವನ್ನು ಏಷ್ಯಾದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಅನ್ನುತ್ತಾರೆ. ಊರು ತನ್ನ ದುಡಿಮೆಯಲ್ಲಿ ಮುಂದೆ ಹೋಯಿತು. ಗುಡಿಗಳನ್ನು ತೋರಿಸಿ ಬದುಕಬೇಕಾದ ಅಗತ್ಯವೇ ಬರಲಿಲ್ಲ.

1956ರಲ್ಲಿ ಕನ್ನಡ ನಾಡು ಒಂದಾಯಿತು. ಗೆರೆ ಅಳಿಸಿತಾ? ಇಲ್ಲ. ಗದಗ ಧಾರವಾಡ ಜಿಲ್ಲೆಯಲ್ಲಿ ಉಳಿಯಿತು, ಇಟಗಿ ರಾಯಚೂರು ಜಿಲ್ಲೆಗೆ ಸೇರಿತು. ಒಂದಕ್ಕೆ ಬೆಳಗಾವಿ ವಿಭಾಗ, ಇನ್ನೊಂದಕ್ಕೆ ಕಲಬುರಗಿ ವಿಭಾಗ. 1986ರಲ್ಲಿ ಹಂಪಿ, 1987ರಲ್ಲಿ ಪಟ್ಟದಕಲ್ಲು ಯುನೆಸ್ಕೋ ಪಟ್ಟಿಗೆ ಸೇರಿದವು, ಪ್ರವಾಸಿಗಳ ದಾರಿ ಆ ಎರಡು ಹೆಸರಿನ ಸುತ್ತ ಗಟ್ಟಿಯಾಯಿತು. 1997ರಲ್ಲಿ ಗದಗವೂ ಕೊಪ್ಪಳವೂ ಹೊಸ ಜಿಲ್ಲೆಗಳಾದವು. ಗದಗದವರು ದಶಕಗಳಿಂದ ಕೇಳಿದ್ದು ಸಿಕ್ಕಿತು, ಸಂತೋಷವೇ. ಆದರೆ ಬೆಳ್ವೊಲದ ಮುಖ್ಯ ಪಟ್ಟಣವಾಗಿದ್ದ ಅಣ್ಣಿಗೇರಿ, ಅದರ ಅಮೃತೇಶ್ವರ ಗುಡಿ ಸಮೇತ, ಧಾರವಾಡ ಜಿಲ್ಲೆಯಲ್ಲೇ ಉಳಿಯಿತು. ಹಳೆಯ ಒಂದು ನಾಡು ಈಗ ಮೂರು ಜಿಲ್ಲೆ. ಮೂರಕ್ಕೆ ಮೂರು ಕಚೇರಿ. ಗದಗಿಗೆ ವಾಯವ್ಯ ಸಾರಿಗೆ ಬಸ್ಸು, ಇಟಗಿಗೆ ಕಲ್ಯಾಣ ಕರ್ನಾಟಕ ಸಾರಿಗೆ ಬಸ್ಸು. 2013ರಿಂದ ಸಂವಿಧಾನದ 371ಜೆ ವಿಧಿಯ ವಿಶೇಷ ಅನುದಾನ ಕೊಪ್ಪಳದ ಕಡೆಗೆ, ಗದಗಿಗೆ ಇಲ್ಲ. ಆ ಅನುದಾನ ಬೇಡ ಅಂತ ನಾನು ಹೇಳುತ್ತಿಲ್ಲ, ನಿಜಾಮನ ಕಾಲದಲ್ಲಿ ಹಿಂದುಳಿದ ಭಾಗಕ್ಕೆ ಅದು ನ್ಯಾಯವೇ. ಎರಡು ಗುಡಿಯನ್ನು ಒಂದೇ ಯೋಜನೆಯಲ್ಲಿ ನೋಡುವ ಕಣ್ಣು ಮಾತ್ರ ಯಾವ ಕಚೇರಿಗೂ ಇಲ್ಲ, ಅಷ್ಟೇ.

ಇನ್ನೊಂದು ಬಗೆಯ ಗೆರೆ ಇದೆ, ಅದು ಊರಿನೊಳಗೇ. ಸ್ಮಾರಕ ಕಾಯಲು ಬ್ರಿಟಿಷರು 1904ರಲ್ಲಿ ಕಾನೂನು ತಂದರು, ಸ್ವತಂತ್ರ ಭಾರತ 1958ರಲ್ಲಿ ತನ್ನದೇ ಕಾಯ್ದೆ ಮಾಡಿತು. 1992ರ ಅಧಿಸೂಚನೆಯಿಂದ ಕೇಂದ್ರ ರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶವಾಯಿತು, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. 2010ರ ತಿದ್ದುಪಡಿ ಇದನ್ನು ಕಾಯ್ದೆಯ ಒಳಗೇ ಸೇರಿಸಿ ಬಿಗಿ ಮಾಡಿತು. ನಿಷೇಧಿತ ಪ್ರದೇಶದಲ್ಲಿ ಅನುಮತಿ ಪಡೆದು ಮನೆ ರಿಪೇರಿ ಮಾಡಬಹುದು, ಹೊಸದಾಗಿ ಕಟ್ಟುವಂತಿಲ್ಲ.

ಬಯಲಲ್ಲಿ ಒಂಟಿಯಾಗಿ ನಿಂತ ಗುಡಿಗೆ ಈ ನಿಯಮ ಚೆನ್ನಾಗಿ ಹೊಂದುತ್ತದೆ. ಲಕ್ಕುಂಡಿಯಂಥ ಊರಿಗೆ? ಇಲ್ಲಿ ಗುಡಿ ಓಣಿಯೊಳಗಿದೆ, ಓಣಿ ಗುಡಿಯೊಳಗಿದೆ ಅಂದರೂ ತಪ್ಪಿಲ್ಲ. ಒಂದು ಸ್ಮಾರಕದ ವೃತ್ತ ಮುಗಿಯುವ ಮೊದಲೇ ಇನ್ನೊಂದರ ವೃತ್ತ ಶುರು. ಮಗನಿಗೆ ಮದುವೆ ಆಯಿತು, ಇನ್ನೊಂದು ಕೋಣೆ ಬೇಕು ಅಂದರೆ ಕಾಗದ ಹಿಡಿದು ಓಡಾಡಬೇಕು. ಹೀಗಿರುವಾಗ ಮನೆಯಂಗಳದಲ್ಲಿ ಸಿಕ್ಕ ಮೂರ್ತಿಯನ್ನು ಇಲಾಖೆಗೆ ತೋರಿಸೋಕೆ ಜನ ಹೆದರಿದರೆ ಆಶ್ಚರ್ಯ ಏನು? ಕಾಯ್ದೆ ಇಲ್ಲದಿದ್ದರೆ ಇಷ್ಟೂ ಉಳಿಯುತ್ತಿರಲಿಲ್ಲ, ಅದನ್ನು ಒಪ್ಪುತ್ತೇನೆ. ಆದರೆ ಪಟ್ಟಿಗೆ ಸೇರಿದ ಗುಡಿಗೆ ಹುಲ್ಲುಹಾಸು, ಬೇಲಿ, ಕಾವಲುಗಾರ, ನಾಲ್ಕು ಓಣಿ ಆಚೆ ಪಟ್ಟಿಗೆ ಸೇರದ ಗುಡಿಯಲ್ಲಿ ಮೇವು, ಕಟ್ಟಿಗೆ. ಈ ವ್ಯತ್ಯಾಸವನ್ನೂ ಆ ಗೆರೆಯೇ ಮಾಡಿದ್ದು.

ಇತ್ತೀಚೆಗೆ ಗಾಳಿ ಸ್ವಲ್ಪ ಬದಲಾಗಿದೆ. 2024ರ ಕೊನೆಯಲ್ಲಿ ಲಕ್ಕುಂಡಿಯಲ್ಲಿ ಮನೆ, ಹೊಲ, ಓಣಿ ತಿರುಗಿ ಪ್ರಾಚ್ಯಾವಶೇಷ ಹುಡುಕುವ ಕೆಲಸ ನಡೆಯಿತು, ಊರವರೇ ಮುಂದೆ ಬಂದು ಎಷ್ಟೋ ಕಲ್ಲುಗಳನ್ನು ಕೊಟ್ಟರು. 2025ರಲ್ಲಿ ರಾಜ್ಯ ಸರ್ಕಾರ ಉತ್ಖನನ ಶುರು ಮಾಡಿತು. ಕಾಳಜಿ ಇಲ್ಲದ ಜನ ಹೀಗೆ ಕೊಡುತ್ತಾರಾ? ಅಗೆದಂತೆಲ್ಲ ಮನೆಗಳ ಪ್ರಶ್ನೆ ಮೇಲೆ ಬರುತ್ತದೆ. ಯಾರನ್ನಾದರೂ ಎಬ್ಬಿಸಬೇಕಾದರೆ ಎಲ್ಲಿಗೆ, ಎಷ್ಟು ಪರಿಹಾರಕ್ಕೆ ಅನ್ನೋದನ್ನು ಮೊದಲೇ ಮಾತಾಡಬೇಕು. ಹಂಪಿಯ ಬಜಾರಿನಲ್ಲಿ 2011ರಲ್ಲಿ ಮನೆ ಅಂಗಡಿ ಕೆಡವಿದ್ದು ಎಲ್ಲರಿಗೂ ನೆನಪಿದೆ.

ಹೋಗುವವರಿಗೆ ನನ್ನ ಸಲಹೆ, ಜಿಲ್ಲೆಯ ನಕ್ಷೆ ಪಕ್ಕಕ್ಕಿಡಿ. ಗದಗಿನಲ್ಲಿ ಉಳಿದುಕೊಳ್ಳಿ. ಬೆಳಗ್ಗೆ ಬಿಸಿಲೇರುವ ಮೊದಲು ತ್ರಿಕೂಟೇಶ್ವರ ನೋಡಿ, ಅದರ ಆವರಣದ ಸರಸ್ವತಿ ಗುಡಿಯ ಕಂಬಗಳನ್ನು ಬಿಡಬೇಡಿ. ಕುಮಾರವ್ಯಾಸ ಕೂತು ಭಾರತ ಬರೆದ ಅನ್ನುವ ವೀರನಾರಾಯಣ ಗುಡಿಯೂ ಊರೊಳಗೇ ಇದೆ. ಅಲ್ಲಿಂದ ಲಕ್ಕುಂಡಿ, ಇಟಗಿ, ಕುಕನೂರು ಒಂದೇ ದಿನಕ್ಕೆ ಸರಿ. ಕುಕನೂರಿನ ನವಲಿಂಗ ಗುಡಿ ಇವೆಲ್ಲಕ್ಕಿಂತ ಹಳೆಯದು, ರಾಷ್ಟ್ರಕೂಟರ ಕಾಲದ್ದು, ಅದನ್ನು ನೋಡಿದ ಮೇಲೆ ಲಕ್ಕುಂಡಿ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಮಾರನೇ ದಿನ ತೆಂಕಣಕ್ಕೆ. ಡಂಬಳದ ದೊಡ್ಡಬಸಪ್ಪ ಗುಡಿಗೆ 24 ಮೂಲೆಯ ನಕ್ಷತ್ರದ ತಳ, ಸುತ್ತು ಹಾಕುತ್ತಾ ಹೋದರೆ ಗೋಡೆ ಎಲ್ಲೂ ನೆಟ್ಟಗೆ ಸಿಗುವುದಿಲ್ಲ. ಇದೇ ಡಂಬಳದಲ್ಲಿ 1095ರ ಹೊತ್ತಿಗೆ ಬೌದ್ಧರ ತಾರಾದೇವಿಯ ವಿಹಾರ ಇತ್ತು, ಸೆಟ್ಟರು ಕಟ್ಟಿಸಿದ್ದು. ಅಲ್ಲಿಂದ ಲಕ್ಷ್ಮೇಶ್ವರದ ಸೋಮೇಶ್ವರ, ಶಂಖ ಬಸದಿ. ಚಳಿಗಾಲವಾದರೆ ಮಾಗಡಿ ಕೆರೆಯಲ್ಲಿ ಪಟ್ಟೆತಲೆ ಹೆಬ್ಬಾತುಗಳು ಇಳಿದಿರುತ್ತವೆ, 2024ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಕೆರೆ ಅದು. ಇನ್ನೊಂದು ದಿನ ಸಿಕ್ಕರೆ ಬಡಗಣಕ್ಕೆ ರೋಣ, ಸೂಡಿ, ಗಜೇಂದ್ರಗಡ. ಸೂಡಿಯ ಜೋಡು ಕಳಸದ ಗುಡಿ ಮತ್ತು ನಾಗಕುಂಡದ ಹತ್ತಿರ ನಿಮ್ಮನ್ನು ಬಿಟ್ಟರೆ ಬೇರೆ ಪ್ರವಾಸಿಗಳು ಸಿಗೋದು ಕಷ್ಟ.

ಏಪ್ರಿಲ್, ಮೇ ಬೇಡ, ಬಿಸಿಲಿಗೆ ಕಲ್ಲ ಮೇಲೆ ಬರಿಗಾಲು ಇಡೋಕಾಗಲ್ಲ. ನೀರಿನ ಬಾಟಲಿ ಗದಗಿನಲ್ಲೇ ತುಂಬಿಸಿಕೊಳ್ಳಿ, ಮಧ್ಯಾಹ್ನ ಖಾನಾವಳಿಯಲ್ಲಿ ರೊಟ್ಟಿ, ಸಂಜೆಗೆ ಗಿರಮಿಟ್ಟು-ಮಿರ್ಚಿ. ಚಿಕ್ಕ ಊರುಗಳಲ್ಲಿ ಗುಡಿಗೆ ಬೀಗ ಇದ್ದರೆ ವಾಪಸ್ ಹೋಗಬೇಡಿ, ಪಕ್ಕದ ಮನೆಯಲ್ಲಿ ಕೇಳಿ. ಕೀಲಿ ಯಾರ ಹತ್ತಿರ ಇದೆ ಅಂತ ಅವರಿಗೆ ಗೊತ್ತಿರುತ್ತದೆ.