ವಸಾಹತುಶಾಹಿ ವಿರೋಧ, ವರ್ಣಭೇದ ವಿರೋಧ: ಎರಡನ್ನೂ ಒಂದೇ ಮಾಡಬೇಡಿ

ಇಂಗ್ಲಿಷ್ ಕಾದಂಬರಿಕಾರ ಜೋಸೆಫ್ ಕಾನ್ರಾಡ್ ಆಫ್ರಿಕಾದ ಕಾಂಗೊ ಬಗ್ಗೆ ಬರೆದ ‘ಹಾರ್ಟ್ ಆಫ್ ಡಾರ್ಕ್‌ನೆಸ್’ ಕಿರುಕಾದಂಬರಿಯ ಮಾತು ಬಂದಾಗಲೆಲ್ಲ ಒಂದು ವಾದ ಕೇಳಿಬರುತ್ತದೆ: ‘ಅದು ವಸಾಹತುಶಾಹಿ ವಿರೋಧಿ ಕೃತಿ, ಅದರಲ್ಲಿ ವರ್ಣಭೇದ ಎಲ್ಲಿಂದ ಬರಬೇಕು?’ ಮೊನ್ನೆಯೂ ಒಂದು ಪುಸ್ತಕ ಪರಿಚಯದಲ್ಲಿ ಇದನ್ನೇ ಓದಿದೆ. ಸಾಕಾಗಿಹೋಗಿದೆ.

ವಸಾಹತುಶಾಹಿ ಅಂದರೆ ಬೇರೆಯವರ ನೆಲ ಹಿಡಿದು ಆಳುವುದು, ಅವರ ದುಡಿಮೆಯನ್ನು ದೋಚುವುದು. ವರ್ಣಭೇದ ಅಂದರೆ ಎದುರಿಗಿರುವವನನ್ನು ನಮ್ಮಷ್ಟೇ ಪೂರ್ತಿ ಮನುಷ್ಯ ಅಂತ ಒಪ್ಪದಿರುವುದು. ಒಂದನ್ನು ಬೈಯುತ್ತಲೇ ಇನ್ನೊಂದನ್ನು ಒಳಗೆ ಇಟ್ಟುಕೊಳ್ಳಬಹುದು. ಕಾನ್ರಾಡ್‌ನಲ್ಲಿ ಆಗಿರುವುದು ಇದೇ.

ಅವನು 1890ರಲ್ಲಿ ಕಾಂಗೊಗೆ ಹೋಗಿ ನದಿಯ ಹಡಗಿನಲ್ಲಿ ಕೆಲಸ ಮಾಡಿದ್ದ. ಬೆಲ್ಜಿಯಂ ರಾಜ ಎರಡನೇ ಲಿಯೊಪೋಲ್ಡ್ ಆ ನಾಡನ್ನು ಸ್ವಂತ ಆಸ್ತಿಯ ಹಾಗೆ ಆಳುತ್ತಿದ್ದ ಕಾಲ ಅದು. 1899ರಲ್ಲಿ ಬಂದ ಕಥೆಯಲ್ಲಿ ಕೊರಳಿಗೆ ಕಬ್ಬಿಣದ ಪಟ್ಟಿ ಬಿಗಿದ ಆರು ಜನ ತಲೆ ಮೇಲೆ ಮಣ್ಣಿನ ಬುಟ್ಟಿ ಹೊತ್ತು ನಡೆಯುತ್ತಾರೆ. ಒಬ್ಬೊಬ್ಬರ ಪಕ್ಕೆಲುಬನ್ನೂ ಎಣಿಸಬಹುದು. ಆ ಪುಟ ಓದಿದವರು ದೋಚುವವರ ಪರ ನಿಲ್ಲಲಾರರು, ನಿಜ.

ಇನ್ನಷ್ಟು ಪುಟ ತಿರುಗಿಸಿ. ಹಡಗಿನ ಬಾಯ್ಲರ್ ನೋಡಿಕೊಳ್ಳುವ ಆಫ್ರಿಕನ್ನನೊಬ್ಬ ಬರುತ್ತಾನೆ. ಕೆಲಸ ಕಲಿತವನು, ಹಬೆಯ ಮಾಪಕದ ಮೇಲೆ ಕಣ್ಣಿಟ್ಟು ನಿಂತವನು. ಕಥೆ ಹೇಳುವ ಮಾರ್ಲೋ ಅವನನ್ನು ಚಡ್ಡಿ ತೊಟ್ಟು ಹಿಂಗಾಲಲ್ಲಿ ನಡೆಯುವ ನಾಯಿಗೆ ಹೋಲಿಸುತ್ತಾನೆ. ಇದು ವರ್ಣಭೇದ ಅಲ್ಲದಿದ್ದರೆ ಇನ್ನೇನು? ‘ಅದು ಮಾರ್ಲೋ ಮಾತು, ಕಾನ್ರಾಡ್‌ನದ್ದಲ್ಲ’ ಅನ್ನುವವರಿದ್ದಾರೆ. ಸರಿ, ಆದರೆ ಆ ನೋಟವನ್ನು ಅಲ್ಲಗಳೆಯುವ ಬೇರೊಂದು ದನಿ ಕಥೆಯಲ್ಲಿ ಇರಬೇಕಿತ್ತಲ್ವಾ?

ವಸಾಹತುಶಾಹಿ ವಿರೋಧವೂ ಅಷ್ಟು ಪೂರ್ತಿಯಾದದ್ದಲ್ಲ. ಮಾರ್ಲೋನನ್ನು ಕೆಲಸಕ್ಕೆ ತೆಗೆದುಕೊಂಡ ಕಂಪನಿಯ ಕಚೇರಿಯ ಗೋಡೆಯಲ್ಲಿ ಒಂದು ಭೂಪಟ ಇದೆ. ಅದರಲ್ಲಿ ಬ್ರಿಟಿಷರ ವಸಾಹತುಗಳನ್ನು ತೋರಿಸುವ ಕೆಂಪು ಬಣ್ಣ ಕಂಡು ಅವನಿಗೆ ಖುಷಿ, ಅಲ್ಲಿ ನಿಜವಾದ ಕೆಲಸ ನಡೀತಿದೆ ಅಂತ.

ನೈಜೀರಿಯಾದ ಕಾದಂಬರಿಕಾರ ಚಿನುವಾ ಅಚಿಬೆ 1975ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಮಾಡಿದ ಭಾಷಣದಲ್ಲಿ ಕಾನ್ರಾಡ್‌ನನ್ನು ನೇರವಾಗಿ ವರ್ಣಭೇದಿ ಅಂದರು. ಒಬ್ಬ ಯುರೋಪಿಯನ್ನನ ಮನಸ್ಸು ಹಾಳಾಗುವ ಕಥೆಗೆ ಇಡೀ ಆಫ್ರಿಕಾವನ್ನು ಬರೀ ಹಿನ್ನೆಲೆ ಮಾಡಿಕೊಂಡಿದ್ದಾನೆ ಅನ್ನುವುದು ಅವರ ಸಿಟ್ಟು. ಕಾನ್ರಾಡ್ ಶೋಷಣೆಯನ್ನು ಕಂಡ, ಖಂಡಿಸಿದ ಅಂತ ಅಚಿಬೆಯೇ ಒಪ್ಪುತ್ತಾರೆ. ಆ ಶೋಷಣೆ ತನ್ನ ಹಲ್ಲು ಮಸೆದುಕೊಂಡ ಕಲ್ಲೇ ವರ್ಣಭೇದ, ಅದು ಅವನಿಗೆ ಕಾಣಲಿಲ್ಲ ಅನ್ನುತ್ತಾರೆ. ಅವರನ್ನು ಟೀಕಿಸುವ ಎಷ್ಟೋ ಜನ ಈ ಮಾತನ್ನು ಓದಿಯೇ ಇರುವುದಿಲ್ಲ.

‘ಆ ಕಾಲದವರೆಲ್ಲ ಹಾಗೇ’ ಅನ್ನುವ ಸಮಾಧಾನವೂ ಬೇಡ. ಕಾನ್ರಾಡ್ ಕಾಂಗೊದಲ್ಲಿದ್ದ 1890ರಲ್ಲೇ ಜಾರ್ಜ್ ವಾಷಿಂಗ್ಟನ್ ವಿಲಿಯಮ್ಸ್ ಎಂಬ ಕಪ್ಪು ಅಮೆರಿಕನ್ ಅಲ್ಲಿಂದಲೇ ಲಿಯೊಪೋಲ್ಡ್‌ಗೆ ಬಹಿರಂಗ ಪತ್ರ ಬರೆದು ಒಂದೊಂದೇ ಆರೋಪ ಹೊರಿಸಿದ. ಕಾನ್ರಾಡ್‌ಗೆ ಪರಿಚಯವಿದ್ದ ಬ್ರಿಟಿಷ್ ರಾಯಭಾರ ಅಧಿಕಾರಿ ರೋಜರ್ ಕೇಸ್‌ಮೆಂಟ್ 1903ರಲ್ಲಿ ಅದೇ ನದಿಯಲ್ಲಿ ಸಾಗಿ, ಅಲ್ಲಿನ ಜನ ಹೇಳಿದ್ದನ್ನು ಕೇಳಿ ಬರೆದುಕೊಂಡ. ಅವರ ಹೇಳಿಕೆಗಳು 1904ರ ಬ್ರಿಟಿಷ್ ಸರ್ಕಾರಿ ವರದಿಯಲ್ಲಿ ಅಚ್ಚಾದವು.