ಕಜ್ಜಿಗೆ ಮುಲಾಮು ಸಾಲದು, ನಲ್ಲಿಯೂ ಬೇಕು

ಬೆಂಗಳೂರಿನ ಯಾವುದೇ ಬಡಾವಣೆಯ ಸಭೆಗೆ ಹೋಗಿ, ಪಾರ್ಕಿನ ಮಾತು ಬಂದರೆ ಒಂದು ದೂರು ಗ್ಯಾರಂಟಿ. "ಬೆಂಚ್ ಮೇಲೆ ಯಾರ್ಯಾರೋ ಮಲಗಿರ್ತಾರೆ ಡಾಕ್ಟ್ರೇ, ವಾಸನೆ ಬೇರೆ. ಟಾಯ್ಲೆಟ್‌ನಲ್ಲೇ ಬಟ್ಟೆ ಒಗೀತಾರೆ. ಮಕ್ಕಳನ್ನ ಕರ್ಕೊಂಡು ಹೋಗೋದು ಹೇಗೆ?" ಹೀಗೆ ಕೇಳುವವರು ಕೆಟ್ಟವರಲ್ಲ. ಹಬ್ಬಕ್ಕೆ ಅನ್ನದಾನ ಮಾಡುವವರು, ಮನೆಗೆಲಸದವರ ಮಕ್ಕಳ ಫೀಸು ಕಟ್ಟುವವರು ಅವರಲ್ಲೇ ಇದ್ದಾರೆ. ದೂರು ಸುಳ್ಳೂ ಅಲ್ಲ. ಆದರೆ ಪರಿಹಾರ ಅಂತ ಅವರು ಕೇಳುವುದು ಗೇಟಿಗೆ ಬೀಗ, ಬೆಂಚಿನ ನಡುವೆ ಕಬ್ಬಿಣದ ಸರಳು, ಬಾಗಿಲಲ್ಲಿ ಗಾರ್ಡ್. ಬೀದಿಯಲ್ಲಿ ಮಲಗುವವರಿಗೆ ಔಷಧಿ ಕೊಡುವ ವೈದ್ಯನಾಗಿ ನಾನು ಹೇಳಬೇಕಾದದ್ದು ಇಷ್ಟೇ: ಆ ವಾಸನೆಗೆ ಕಾರಣವೇ ಆ ಬೀಗ.

ಕಜ್ಜಿಯನ್ನೇ ತಗೊಳ್ಳಿ. ಬರಿಗಣ್ಣಿಗೆ ಕಾಣದಷ್ಟು ಸಣ್ಣ ಹುಳ ಚರ್ಮ ಕೊರೆದು ಒಳಗೆ ಮೊಟ್ಟೆ ಇಡುತ್ತದೆ. ರಾತ್ರಿ ತುರಿಕೆ ಜಾಸ್ತಿ. ಬೆರಳ ಸಂದಿಯಲ್ಲಿ, ಮಣಿಕಟ್ಟಿನಲ್ಲಿ, ಸೊಂಟದ ಸುತ್ತ ಸಣ್ಣ ಗುಳ್ಳೆಗಳು. ಕೆರೆದು ಕೆರೆದು ಕೀವು ತುಂಬುತ್ತದೆ. ಔಷಧಿ ಸುಲಭ: ಪರ್ಮೆಥ್ರಿನ್ ಮುಲಾಮು. ಕತ್ತಿನಿಂದ ಅಂಗಾಲಿನವರೆಗೆ ಒಂದಿಂಚೂ ಬಿಡದೆ ಹಚ್ಚಬೇಕು. 8ರಿಂದ 14 ಗಂಟೆ ಬಿಟ್ಟು ಸ್ನಾನ ಮಾಡಬೇಕು. ವಾರ ಕಳೆದು ಇನ್ನೊಮ್ಮೆ ಹಚ್ಚಬೇಕು. ಉಟ್ಟ ಬಟ್ಟೆ, ಹೊದ್ದ ಹೊದಿಕೆ ಬಿಸಿನೀರಲ್ಲಿ ಒಗೆಯಬೇಕು. ಪಕ್ಕದಲ್ಲಿ ಮಲಗುವವರೂ ಅದೇ ದಿನ ಹಚ್ಚಿಕೊಳ್ಳಬೇಕು.

ಇದನ್ನೆಲ್ಲ ಕೆ.ಆರ್. ಮಾರ್ಕೆಟ್ ಹತ್ತಿರ ಮಲಗುವ ಒಬ್ಬ ಹಮಾಲಿಗೆ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡ. "ಮೈಗೆಲ್ಲಾ ಹಚ್ಚೋಕೆ ಬಟ್ಟೆ ಎಲ್ಲಿ ಬಿಚ್ಲಿ ಸಾರ್?" ಅಂದ. ಸ್ವಲ್ಪ ಹೊತ್ತು ಬಿಟ್ಟು, "ಇದನ್ನ ಒಗೆದ್ರೆ ಒಣಗೋ ತನಕ ಏನು ಉಟ್ಕೊಳ್ಲಿ?" ಅಂದ. ಚಿಲಕ ಇರುವ ಒಂದು ಬಾಗಿಲು, ಒಂದು ನಲ್ಲಿ, ಇನ್ನೊಂದು ಜೊತೆ ಬಟ್ಟೆ ಇಲ್ಲದಿದ್ದರೆ ನಾನು ಬರೆದುಕೊಟ್ಟ ಮುಲಾಮು ದಂಡ. ಟಾಯ್ಲೆಟ್‌ನಲ್ಲಿ ಬಟ್ಟೆ ಒಗೀತಾರೆ ಅಂತ ನಾವು ಬೈಯುತ್ತೇವಲ್ಲ, ಎಷ್ಟೋ ಸಲ ಅವರು ಮಾಡುತ್ತಿರುವುದು ವೈದ್ಯರು ಹೇಳಿದ್ದನ್ನೇ.

ಹೆಂಗಸರ ಪಾಡು ಇನ್ನೂ ಕಷ್ಟ. ಬೀದಿಯಲ್ಲಿರುವ ಹೆಂಗಸರು ಸಂಜೆಯಾದ ಮೇಲೆ ಗುಟುಕು ನೀರೂ ಕುಡಿಯುವುದಿಲ್ಲ. ಕತ್ತಲಲ್ಲಿ ಎಲ್ಲಿಗೆ ಹೋಗುವುದು? ಹಾಗಾಗಿ ಉರಿಮೂತ್ರ, ಜ್ವರ, ಕೆಳಹೊಟ್ಟೆ ನೋವು. ಹೃದಯದ ತೊಂದರೆಗೆ ಕೊಟ್ಟ ನೀರಿನ ಮಾತ್ರೆಗಳನ್ನು ಸೆರಗಿನ ತುದಿಯಲ್ಲಿ ಹಾಗೇ ಗಂಟು ಹಾಕಿ ಇಟ್ಟುಕೊಂಡ ಅಜ್ಜಿಯೊಬ್ಬರಿದ್ದರು. ಕಾಲು ಊದಿತ್ತು, ಬೆರಳಿಂದ ಒತ್ತಿದರೆ ಗುಳಿ ಬೀಳುತ್ತಿತ್ತು. ಆ ಮಾತ್ರೆ ನುಂಗಿದರೆ ಮತ್ತೆ ಮತ್ತೆ ಮೂತ್ರಕ್ಕೆ ಹೋಗಬೇಕು. ಹೋದಾಗಲೆಲ್ಲ ಶೌಚಾಲಯದವನಿಗೆ 5 ರೂಪಾಯಿ. "ಆ ದುಡ್ಡಲ್ಲಿ ಟೀ ಕುಡೀಲಾ, ಉಚ್ಚೆ ಹೊಯ್ಯಲಾ ನೀನೇ ಹೇಳಪ್ಪ" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

"ನಮ್ಮ ತೆರಿಗೆ ದುಡ್ಡಲ್ಲಿ ಕಟ್ಟಿದ್ದು" ಅನ್ನುವ ಮಾತೂ ಬರುತ್ತದೆ. ನಿಜ, ಆದರೆ ಆಸ್ತಿ ತೆರಿಗೆ ರಸೀದಿಯನ್ನು ಪೂರ್ತಿ ಓದಿ ನೋಡಿ. ಕರ್ನಾಟಕದಲ್ಲಿ 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ನಾವು ಶೇ. 3ರಷ್ಟು ಭಿಕ್ಷುಕರ ಕರ ಕಟ್ಟುತ್ತೇವೆ. ನಿರ್ಗತಿಕರಿಗೆ ಅಂತಲೇ ಎತ್ತಿಟ್ಟ ದುಡ್ಡು ಅದು. ಇನ್ನು ಬೀದಿಯಲ್ಲಿ ಮಲಗುವವರೆಲ್ಲ ಭಿಕ್ಷುಕರೂ ಅಲ್ಲ. ಚಿಂದಿ ಆಯುವವರು, ಮೂಟೆ ಹೊರುವವರು, ಕಲ್ಯಾಣ ಮಂಟಪಗಳಲ್ಲಿ ರಾತ್ರಿಯೆಲ್ಲ ಪಾತ್ರೆ ತೊಳೆಯುವವರು. ನಾವು ಮದುವೆ ಊಟ ಮಾಡಿದ ತಟ್ಟೆ ತೊಳೆದವರು ಬೆಳಿಗ್ಗೆ ಪಾರ್ಕ್ ಬೆಂಚಿನ ಮೇಲೆ ನಿದ್ದೆ ಮಾಡುತ್ತಿರುತ್ತಾರೆ. 2011ರ ಜನಗಣತಿಯಲ್ಲಿ ದೇಶದ ವಸತಿಹೀನರು ಸುಮಾರು 17.7 ಲಕ್ಷ. ಅವರಲ್ಲಿ ಅರ್ಧಕ್ಕಿಂತ ಜಾಸ್ತಿ ನಗರಗಳಲ್ಲಿದ್ದರು.

ಕಾನೂನು ಇವರ ಕಡೆಗೇ ಇದೆ. ನಗರದ ಪ್ರತಿ 1 ಲಕ್ಷ ಜನಸಂಖ್ಯೆಗೆ ಒಂದು ಆಶ್ರಯ ತಾಣ ಇರಬೇಕು, ಅದು 24 ಗಂಟೆ ತೆರೆದಿರಬೇಕು, ನೀರು, ಶೌಚಾಲಯ ಇರಬೇಕು ಎಂಬುದು ಸುಪ್ರೀಂ ಕೋರ್ಟ್ 2010ರಲ್ಲಿ ಕೊಟ್ಟ ನಿರ್ದೇಶನಗಳಿಂದ ಬೆಳೆದು ಬಂದ ನಿಯಮ. 2011ರ ಗಣತಿಯಂತೆ ಆಗಿನ ಬೆಂಗಳೂರು ಪಾಲಿಕೆಯ ಜನಸಂಖ್ಯೆ ಸುಮಾರು 84 ಲಕ್ಷ, ಲೆಕ್ಕ ನೀವೇ ಹಾಕಿ. 2025ರ ಜನವರಿಯಲ್ಲಿ ಅದೇ ಕೋರ್ಟು, ನ್ಯಾಯಾಲಯಗಳಲ್ಲಿನ ಶೌಚಾಲಯದ ಪ್ರಕರಣವೊಂದರಲ್ಲಿ, ಶುಚಿಯಾದ ಶೌಚಾಲಯ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿಗೆ ಸೇರಿದ್ದು ಎಂದಿತು.

ಭಯದ ಮಾತು ಬೇರೆ. ಕುಡಿದು ಬಂದು ಗಲಾಟೆ ಮಾಡುವವನನ್ನು ಹೆಂಗಸರು ಯಾಕೆ ಸಹಿಸಬೇಕು? ಸಹಿಸಬಾರದು. ಕಾರಲ್ಲಿ ಬಂದವನು ಮಾಡಿದರೂ ಹೊರಗೆ ಕಳಿಸಿ. ನಿಯಮ ನಡತೆಗಿರಲಿ, ಬಟ್ಟೆ ನೋಡಿ ಬೇಡ. ಇನ್ನು ಒಬ್ಬರೇ ಮಾತಾಡಿಕೊಂಡು ಅಲೆಯುವವರನ್ನು ಕಂಡರೆ ಜನ ಕಲ್ಲು ಎತ್ತಿಕೊಳ್ಳುವುದುಂಟು. 2017ರ ಮಾನಸಿಕ ಆರೋಗ್ಯ ಕಾಯ್ದೆಯ 100ನೇ ಕಲಂ ಪ್ರಕಾರ, ಮಾನಸಿಕ ಕಾಯಿಲೆಯಿಂದ ತಮ್ಮನ್ನು ತಾವು ನೋಡಿಕೊಳ್ಳಲಾಗದೆ ಅಲೆಯುವವರಿಗೆ ರಕ್ಷಣೆ ಕೊಡುವುದು ಪೊಲೀಸರ ಕರ್ತವ್ಯ. 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು. ಲಾಕಪ್ಪಿಗೆ ಹಾಕುವಂತಿಲ್ಲ. ಠಾಣೆಗೆ ಫೋನ್ ಮಾಡುವಾಗ ಈ ಕಲಂ ಹೆಸರು ಹೇಳಿ, ಕೆಲಸ ಬೇಗ ಆಗುತ್ತದೆ.

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದ ಗ್ರಂಥಾಲಯಕ್ಕೂ ಇದೇ ತಲೆನೋವು ಬಂದಿತ್ತು. ಬೀದಿಯವರು ಅಲ್ಲಿನ ಬಚ್ಚಲಲ್ಲೇ ಮೈ ತೊಳೆಯುತ್ತಿದ್ದರು. 2009ರಲ್ಲಿ ಗ್ರಂಥಾಲಯ ಸಮಾಜ ಕಾರ್ಯಕರ್ತೆಯೊಬ್ಬರನ್ನು ಕೆಲಸಕ್ಕೆ ತೆಗೆದುಕೊಂಡಿತು. ಹಿಂದೆ ತಾವೇ ಬೀದಿಯಲ್ಲಿದ್ದವರನ್ನೂ ಜೊತೆಗೆ ಸೇರಿಸಿಕೊಂಡಿತು. ಸ್ನಾನ ಎಲ್ಲಿ ಸಿಗುತ್ತದೆ, ಊಟ ಎಲ್ಲಿ, ಹಾಸಿಗೆ ಎಲ್ಲಿ ಅಂತ ದಾರಿ ತೋರಿಸುವುದು ಅವರ ಕೆಲಸ.

ನಮ್ಮಲ್ಲಿ ಸ್ನಾನಕ್ಕೆ ಜಾಗ ತೋರಿಸಲು ಮೊದಲು ಆ ಜಾಗ ಬೇಕು. ವಾರ್ಡಿಗೊಂದು ಶೌಚಾಲಯದಲ್ಲಾದರೂ ಗಂಡಸರಿಗೊಂದು, ಹೆಂಗಸರಿಗೊಂದು ಬಚ್ಚಲು, ಬಟ್ಟೆ ಒಣಗಿಸಲು ಒಂದು ತಂತಿ, ದುಡ್ಡಿಲ್ಲದವರಿಗೆ ಪುಕ್ಕಟೆ. ಮುಂದಿನ ಸಭೆಯಲ್ಲಿ ಬೀಗದ ಬದಲು ಇದನ್ನು ಕೇಳಿ. ಶೌಚಾಲಯ ನೋಡಿಕೊಳ್ಳುವವರ ಸಂಬಳ ಎಲ್ಲಿಂದ ಬರುತ್ತದೆ ಅಂತಲೂ ಕೇಳಿ. ಎಷ್ಟೋ ಕಡೆ ಅದು ದಿನದ ವಸೂಲಿಯಿಂದಲೇ ಹುಟ್ಟಬೇಕು. ದುಡ್ಡಿಲ್ಲದವರನ್ನು ಒಳಗೆ ಬಿಟ್ಟರೆ ನೋಡಿಕೊಳ್ಳುವವರ ಹೊಟ್ಟೆಗೇ ಕಲ್ಲು. ಪಾಲಿಕೆ ನೇರವಾಗಿ ಸಂಬಳ ಕೊಟ್ಟರೆ ಆ ಅಜ್ಜಿಯನ್ನು ಬಾಗಿಲಲ್ಲಿ ತಡೆಯುವ ದರ್ದು ಅವರಿಗಿರುವುದಿಲ್ಲ.